ಹಳೆಯ ಲ್ಯಾಪ್‌ಟಾಪ್, ನುಡಿಯಲ್ಲಿ ಬರೆದಿಟ್ಟ ಕಡತಗಳು ಮತ್ತು ಬರಲಿರುವ ಮಳೆಗಾಲ

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯೊಂದರಲ್ಲಿರುವ ನಿವೃತ್ತ ಶಿಕ್ಷಕ. 2016ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್ ನನ್ನಲ್ಲಿದೆ. ಇಪ್ಪತ್ತು ವರ್ಷಗಳಿಂದ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನನ್ನ ಬರಹಗಳು, ಊರಿನ ಹಿರಿಯ ಹೆಂಗಸರಿಂದ ಕೇಳಿ ಬರೆದುಕೊಂಡ ಹಾಡುಗಳು, ತಂದೆಯವರು ಅರ್ಥ ಹೇಳಿದ ತಾಳಮದ್ದಲೆಗಳನ್ನು ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಧ್ವನಿ, ಮನೆಯವರ ಫೋಟೋಗಳು, ಎಲ್ಲ ಸೇರಿ ಸುಮಾರು 180 ಜಿ.ಬಿ. ಅದರಲ್ಲಿದೆ. ವಿಂಡೋಸ್ 10ರ ಬೆಂಬಲ ಮುಗಿದಿದೆ ಎಂಬ ಸಂದೇಶ ಪರದೆಯ ಮೇಲೆ ಬರುತ್ತಿದೆ. ಪೇಟೆಯ ಅಂಗಡಿಯವರು ಹೊಸದನ್ನೇ ಕೊಳ್ಳಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ಎಲ್ಲವನ್ನೂ ಕ್ಲೌಡಿಗೆ, ಅಂದರೆ ಅಂತರ್ಜಾಲದ ಸಂಗ್ರಹಕ್ಕೆ ಹಾಕಿ ನಿಶ್ಚಿಂತೆಯಿಂದಿರಿ ಎನ್ನುತ್ತಾನೆ. ನೆಟ್ ಸಂಪರ್ಕ ತೆಗೆದುಬಿಟ್ಟರೆ ಏನೂ ಆಗುವುದಿಲ್ಲ ಎಂಬುದು ಪಕ್ಕದ ಮನೆಯವರ ಅಭಿಪ್ರಾಯ. ಮೊನ್ನೆ ಅಪರಿಚಿತರೊಬ್ಬರು ಫೋನ್ ಮಾಡಿ, ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ನಾವು ಇಲ್ಲಿಂದಲೇ ಸರಿಪಡಿಸುತ್ತೇವೆ ಎಂದರು. ನಾನು ಫೋನ್ ಇಟ್ಟುಬಿಟ್ಟೆ. ನನ್ನ ಬರಹಗಳನ್ನು ಮಗನಿಗೆ ಕಳಿಸಿದರೆ ಅವನಲ್ಲಿ ಅರ್ಥವಾಗದ ಗುರುತುಗಳು ಕಾಣುತ್ತವಂತೆ. ಕಳೆದ ಮೇ ತಿಂಗಳ ಸಿಡಿಲಿಗೆ ರೂಟರ್ ಸುಟ್ಟುಹೋಯಿತು. ಈಚೆಗೆ ಲ್ಯಾಪ್‌ಟಾಪಿನ ಒಳಗಿಂದ ಆಗಾಗ ಟಿಕ್ ಟಿಕ್ ಎಂಬ ಸದ್ದೂ ಕೇಳಿಬರುತ್ತಿದೆ. ನಾನು ಏನು ಮಾಡುವುದು ಒಳ್ಳೆಯದು?

ಉತ್ತರ: ಮಾಸ್ತರರೇ, ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ಬಂದುಹೋಗುವ ಆ ಟಿಕ್ ಟಿಕ್ ಸದ್ದಿನಿಂದಲೇ ಪ್ರಾರಂಭಿಸುತ್ತೇನೆ. ನೀವು ಕೇಳಿದ ಉಳಿದ ವಿಷಯಗಳನ್ನು ಒಂದೆರಡು ತಿಂಗಳು ವಿಚಾರ ಮಾಡಿ ನಿರ್ಧರಿಸಬಹುದು. ಇದಕ್ಕೆ ಮಾತ್ರ ಅಷ್ಟು ಸಮಯವಿಲ್ಲ.

2016ರ ಲ್ಯಾಪ್‌ಟಾಪ್ ಎಂದರೆ ಅದರಲ್ಲಿರುವುದು ಬಹುಮಟ್ಟಿಗೆ ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕ್. ಅದರೊಳಗಿನ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು ತಿರುಗುತ್ತದೆ. ಓದುವ ತಲೆ ಆ ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ತಲೆ ತಾನು ಓದಬೇಕಾದ ಜಾಗವನ್ನು ಗುರುತಿಸಲಾಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಹೊಸದಾಗಿ ಹುಡುಕತೊಡಗಿದಾಗ ಈ ಸದ್ದು ಹುಟ್ಟುತ್ತದೆ. ಫ್ಯಾನಿನ ಸದ್ದನ್ನೂ ಕೆಲವರು ಹೀಗೆಯೇ ವರ್ಣಿಸುವುದುಂಟು, ಆದ್ದರಿಂದ ಒಮ್ಮೆ ಕಿವಿಗೊಟ್ಟು ಕೇಳಿ. ಫ್ಯಾನಿನದಾದರೆ ಅದು ಎಡೆಬಿಡದೆ ಇರುತ್ತದೆ, ಯಂತ್ರ ಬಿಸಿಯಾದಂತೆ ಹೆಚ್ಚುತ್ತದೆ. ಡಿಸ್ಕಿನದಾದರೆ ಕಡತ ತೆರೆಯುವಾಗ ಬರುತ್ತದೆ, ಮತ್ತು ಆ ಹೊತ್ತಿಗೆ ಪರದೆ ಕೆಲವು ಕ್ಷಣ ಅಲುಗಾಡದೆ ನಿಂತುಬಿಡುತ್ತದೆ. ಎರಡನೆಯ ಬಗೆಯದಾಗಿದ್ದರೆ ಇಂದೇ ಹೊಸದೊಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತರಿಸಿ, ಕಡತಗಳನ್ನು ನಕಲು ಮಾಡಲು ತೊಡಗಿ.

ನಕಲಿನ ಕ್ರಮವೂ ಮುಖ್ಯ. ಮೊದಲು ಬರಹಗಳು, ಇಪ್ಪತ್ತು ವರ್ಷಗಳ ಬರವಣಿಗೆಯಾದರೂ ಬರಿಯ ಅಕ್ಷರಗಳಿಗೆ ಬೇಕಾಗುವ ಜಾಗ ತೀರ ಸ್ವಲ್ಪ, ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ತಾಳಮದ್ದಲೆಯ ಧ್ವನಿ. ಫೋಟೋಗಳು ಕೊನೆಗೆ, ಏಕೆಂದರೆ ಅವುಗಳಲ್ಲಿ ಹಲವು ಮಕ್ಕಳ, ನೆಂಟರ ಫೋನುಗಳಲ್ಲಿಯೂ ಇರುವ ಸಾಧ್ಯತೆಯಿದೆ. ನಕಲು ಮುಗಿಯುವವರೆಗೆ ಡಿಸ್ಕ್ ರಿಪೇರಿ ಮಾಡುವ ತಂತ್ರಾಂಶಗಳನ್ನು ಓಡಿಸಬೇಡಿ, ವಿಂಡೋಸನ್ನು ಮರುಸ್ಥಾಪಿಸಬೇಡಿ, ದೊಡ್ಡ ಅಪ್‌ಡೇಟ್ ಹಾಕಬೇಡಿ. ಸೋತ ಡಿಸ್ಕಿನಿಂದ ದುಡಿಸಿಕೊಳ್ಳುವ ಪ್ರತಿ ಗಂಟೆಯೂ ಅದರ ಉಳಿದ ಆಯುಷ್ಯದಿಂದಲೇ ಕಳೆಯುತ್ತದೆ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಜೀವ ಬರುತ್ತದೆ ಎಂಬ ಹಳೆಯ ನಂಬಿಕೆಯನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಹೊರಗೆ ತೆಗೆದಾಗ ತಟ್ಟೆಯ ಮೇಲೆ ನೀರು ಕಟ್ಟಿ, ಸಿಗಬಹುದಾಗಿದ್ದದ್ದೂ ಸಿಗದಂತಾಗುತ್ತದೆ. ನಕಲಿನ ನಡುವೆ ಡಿಸ್ಕ್ ಪೂರ್ತಿ ಕೈಕೊಟ್ಟರೆ ಯಂತ್ರವನ್ನು ಬಂದ್ ಮಾಡಿ, ಹಾಗೆಯೇ ಇಟ್ಟುಬಿಡಿ. ದೊಡ್ಡ ನಗರಗಳಲ್ಲಿ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ಮಾಹಿತಿ ಹೊರತೆಗೆಯುವ ಪ್ರಯೋಗಾಲಯಗಳಿವೆ. ಖರ್ಚು ಹೆಚ್ಚು, ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ. ಆದರೆ ಸ್ಥಳೀಯವಾಗಿ ನಾಲ್ಕು ಕೈ ಬದಲಾದ ಮೇಲೆ ಹೋದರೆ ಅವರ ಕೈಯಲ್ಲಿಯೂ ಆಗುವುದಿಲ್ಲ.

ಇಷ್ಟು ಮುಗಿಯಿತೆಂದುಕೊಂಡು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದಿಷ್ಟು: ನಿಮಗೆ ಸಲಹೆ ಕೊಟ್ಟವರಲ್ಲಿ ಮಗನನ್ನು ಬಿಟ್ಟರೆ ಉಳಿದಿಬ್ಬರೂ ಲ್ಯಾಪ್‌ಟಾಪಿನ ಕುರಿತು ಮಾತನಾಡಿದ್ದಾರೆ, ನೀವು ಚಿಂತಿಸುತ್ತಿರುವುದು ಅದರೊಳಗಿರುವುದರ ಕುರಿತು. ಈ ಎರಡನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಹಣವೂ ಖರ್ಚಾಗುತ್ತದೆ, ತಂದೆಯವರ ಧ್ವನಿಯೂ ಉಳಿಯದೆ ಹೋಗಬಹುದು. ಇಪ್ಪತ್ತೆರಡು ವರ್ಷಗಳಿಂದ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಮನೆಗಳ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತ ಬಂದ ನನಗೆ, ಯಂತ್ರ ಹೋಯಿತೆಂದು ಅತ್ತವರು ನೆನಪಿಲ್ಲ. ಮಗುವಿನ ಮೊದಲ ವರ್ಷದ ಫೋಟೋ ಹೋಯಿತೆಂದು ಅಂಗಡಿಯ ಬೆಂಚಿನ ಮೇಲೆ ಕುಳಿತು ಅತ್ತವರನ್ನು ಕಂಡಿದ್ದೇನೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಇದರಿಂದ ಕಂಪ್ಯೂಟರ್ ನಿಂತುಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ನಾಳೆಯೂ ತೆರೆದುಕೊಳ್ಳುತ್ತದೆ, ನುಡಿಯೂ ಓಡುತ್ತದೆ, ಪ್ರಿಂಟರೂ ಕೆಲಸ ಮಾಡುತ್ತದೆ. ನಿಂತಿರುವುದು ಭದ್ರತೆಯ ತೇಪೆಗಳು. ಇಷ್ಟು ದೊಡ್ಡ ತಂತ್ರಾಂಶದಲ್ಲಿ ಯಾರೋ ಒಬ್ಬರು ಪ್ರತಿ ತಿಂಗಳೂ ಹೊಸ ಬಿರುಕನ್ನು ಕಂಡುಹಿಡಿಯುತ್ತಲೇ ಇರುತ್ತಾರೆ, ತಯಾರಕರು ಅದನ್ನು ಮುಚ್ಚಿ ತೇಪೆ ಕಳಿಸುತ್ತಾರೆ. ಇನ್ನು ಮುಂದೆ ಬಿರುಕು ಕಾಣಿಸಿಕೊಂಡರೂ ತೇಪೆ ತಾನಾಗಿ ಬರುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ನೂರೈವತ್ತಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತ್ತು. ಅದು ಒಳನುಗ್ಗಿದ ಬಿರುಕಿಗೆ ತೇಪೆ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲಿಯೇ ಬಂದಿತ್ತು. ಹಾಕಿಕೊಳ್ಳದೇ ಇದ್ದವರು ಸಿಕ್ಕಿಬಿದ್ದರು. ಹೀಗಾಗಿ ಆ ಸಂದೇಶವನ್ನು ಕಂಡು ಗಾಬರಿಪಡಬೇಕಾಗಿಲ್ಲ, ಆದರೆ ಅದನ್ನು ಮುಚ್ಚಿ ಮರೆತುಬಿಡುವುದೂ ಸರಿಯಲ್ಲ.

ಫೋನ್ ಇಟ್ಟುಬಿಟ್ಟಿರಲ್ಲ, ಅದು ಸರಿಯಾದ ಕೆಲಸ. ಮೈಕ್ರೋಸಾಫ್ಟಿನವರು ಮನೆಮನೆಗೆ ಫೋನ್ ಮಾಡುವುದಿಲ್ಲ. ಆ ಕರೆಯ ಮುಂದಿನ ಹೆಜ್ಜೆ ಹೀಗಿರುತ್ತದೆ: ದೂರದಿಂದ ಪರದೆ ನೋಡುವ ಒಂದು ತಂತ್ರಾಂಶವನ್ನು ನಿಮ್ಮ ಕೈಯಿಂದಲೇ ಹಾಕಿಸುತ್ತಾರೆ, ಆಮೇಲೆ ಸೇವಾಶುಲ್ಕವೆಂದು ಬ್ಯಾಂಕಿನ ಪುಟ ತೆರೆಸುತ್ತಾರೆ. ಮನೆಯಲ್ಲಿ ಯಾರಾದರೂ ಇಂಥದಕ್ಕೆ ಸಿಕ್ಕಿ ಹಣ ಕಳೆದುಕೊಂಡರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಈಗ ಯಂತ್ರದ ಮಟ್ಟಿಗೆ ನಿಮ್ಮ ಮುಂದಿರುವ ದಾರಿಗಳು. ಮೈಕ್ರೋಸಾಫ್ಟ್ ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುತ್ತಿದೆ, ಅವಧಿ 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ಪನ್ನು ಚಾಲೂ ಮಾಡಿದರೆ ಇದಕ್ಕೆ ಹಣ ಕೊಡಬೇಕಾಗಿಲ್ಲ. ಹಾಗೆ ಮಾಡುವಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನೂ ಮೈಕ್ರೋಸಾಫ್ಟಿನ ಕ್ಲೌಡ್ ಆದ ಒನ್‌ಡ್ರೈವಿಗೆ ಕಳಿಸಲೇ ಎಂದು ಕೇಳುತ್ತದೆ. ಅವುಗಳ ಮುಂದಿನ ಗುರುತನ್ನು ತೆಗೆಯಿರಿ. ಒನ್‌ಡ್ರೈವಿನಲ್ಲಿ ಪುಕ್ಕಟೆ ಸಿಗುವುದು 5 ಜಿ.ಬಿ. ಮಾತ್ರ, ನಿಮ್ಮ ಫೋಟೋಗಳು ಅದನ್ನು ಕ್ಷಣದಲ್ಲಿ ತುಂಬಿಸಿ ಗೊಂದಲವನ್ನು ಹೆಚ್ಚಿಸುತ್ತವೆ. ವಿಂಡೋಸ್ 11 ನಿಮ್ಮ ಯಂತ್ರಕ್ಕೆ ಅಧಿಕೃತವಾಗಿ ಬರುವುದಿಲ್ಲ. ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಆನಂತರದ ಪ್ರೊಸೆಸರ್ ಬೇಕು. 2016ರ ಯಂತ್ರ ಅದಕ್ಕಿಂತ ಹಿಂದಿನದು. ತಪಾಸಣೆಯನ್ನು ತಪ್ಪಿಸಿ ಹಾಕಿಕೊಡುತ್ತೇವೆ ಎನ್ನುವವರು ಇದ್ದಾರೆ. ಹಾಕಲು ಬರುತ್ತದೆ, ನಿಜ, ಆದರೆ ಅಂಥ ಯಂತ್ರಗಳಿಗೆ ಮುಂದಿನ ಅಪ್‌ಡೇಟುಗಳ ಭರವಸೆಯನ್ನು ಮೈಕ್ರೋಸಾಫ್ಟ್ ಕೊಟ್ಟಿಲ್ಲ. ಭದ್ರತೆಗಾಗಿ ಹೊರಟವರು ಭದ್ರತೆ ಇಲ್ಲದಲ್ಲಿಗೇ ಬಂದು ನಿಂತಂತಾಗುತ್ತದೆ, ಅದರಿಂದ ನಾನು ಮಾಡಿಕೊಡುವುದಿಲ್ಲ.

ಪಕ್ಕದ ಮನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ನೆಟ್ ಇಲ್ಲದ, ಹೊರಗಿನ ಪೆನ್ ಡ್ರೈವ್ ಹಾಕದ ಯಂತ್ರ ಬಹುಮಟ್ಟಿಗೆ ಸುರಕ್ಷಿತವೇ. ಆದರೆ ನಮ್ಮ ಕಡೆ ಪೆನ್ ಡ್ರೈವ್ ಹಾಕದ ಯಂತ್ರವನ್ನು ನಾನು ಕಂಡಿಲ್ಲ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಬದಲಾದದ್ದನ್ನು ನೀವೂ ನೋಡಿರಬಹುದು.

ನನ್ನ ಅಭಿಪ್ರಾಯವೆಂದರೆ ಹೀಗೆ: ಕಡತಗಳು ಭದ್ರವಾದ ಮೇಲೆ ಹಳೆಯ ಡಿಸ್ಕನ್ನು ತೆಗೆಸಿ ಒಂದು ಎಸ್.ಎಸ್.ಡಿ., ಅಂದರೆ ತಿರುಗುವ ತಟ್ಟೆಗಳಿಲ್ಲದ ಡಿಸ್ಕ್ ಹಾಕಿಸಿ. ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಅದೇ ಯಂತ್ರ ಗುರುತು ಸಿಗದಷ್ಟು ಚುರುಕಾಗುತ್ತದೆ. ಅದಕ್ಕೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿದರೆ ಇನ್ನೂ ಹಲವು ವರ್ಷ ಭದ್ರತಾ ಅಪ್‌ಡೇಟ್ ಬರುತ್ತಿರುತ್ತದೆ, ಪರವಾನಗಿಗೆ ಹಣವಿಲ್ಲ. ನೀವು ಮಾಡುವ ಕೆಲಸ, ಅಂದರೆ ಬರೆಯುವುದು, ಹಾಡು ಕೇಳುವುದು, ಫೋಟೋ ನೋಡುವುದು, ಮೇಲ್ ಕಳಿಸುವುದು, ಎಲ್ಲವೂ ಅದರಲ್ಲಿ ನಡೆಯುತ್ತದೆ. ನುಡಿ ತಂತ್ರಾಂಶ ಮಾತ್ರ ವಿಂಡೋಸಿಗಾಗಿ ಮಾಡಿದ್ದು, ಅದರ ಮಾತು ಮುಂದೆ ಬರುತ್ತದೆ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ಬಳಸುವ ಮನೆಯಾಗಿದ್ದರೆ ನಾನು ಈ ಸಲಹೆ ಕೊಡುತ್ತಿರಲಿಲ್ಲ. ಹೊಸ ಯಂತ್ರ ಕೊಳ್ಳುವ ಅನುಕೂಲವಿದ್ದರೆ ಕೊಳ್ಳಿ, ತಪ್ಪೇನಿಲ್ಲ. ಆದರೆ ಹಳೆಯದನ್ನು ವಿನಿಮಯಕ್ಕೆ ಕೊಡುವಾಗ ಡಿಸ್ಕನ್ನು ಬಿಚ್ಚಿಸಿಕೊಂಡೇ ಕೊಡಿ.

ನುಡಿಯ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯ ನೂರಾರು ಮನೆಗಳಲ್ಲಿ, ಸಂಘ ಸಂಸ್ಥೆಗಳಲ್ಲಿ, ಶಾಲೆಗಳಲ್ಲಿ ಇದೇ ತೊಡಕು ಸದ್ದಿಲ್ಲದೆ ಬಿದ್ದುಕೊಂಡಿದೆ. ಕಂಪ್ಯೂಟರ್ ಅಕ್ಷರವನ್ನು ಇಟ್ಟುಕೊಳ್ಳುವುದು ಸಂಖ್ಯೆಯಾಗಿ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದು ಒಪ್ಪಂದದ ಮಾತು. ಕನ್ನಡಕ್ಕೆ ಎಲ್ಲರೂ ಒಪ್ಪಿದ ಸಂಖ್ಯೆಗಳು ಬಳಕೆಗೆ ಬಾರದಿದ್ದ ಕಾಲದಲ್ಲಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸುಮಾರು ಇನ್ನೂರು ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಯಿತು. ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಅಷ್ಟು ಮನೆಗಳಲ್ಲಿ ಹಿಡಿಸುವಂಥವಲ್ಲ, ಆದ್ದರಿಂದ ಅಕ್ಷರವನ್ನು ತುಣುಕುಗಳಾಗಿ ಒಡೆದು ಇಟ್ಟರು. ಉದಾಹರಣೆಗೆ 'ಕನ್ನಡ' ಎಂಬ ಮೂರಕ್ಷರದ ಪದ ನಿಮ್ಮ ನುಡಿ ಕಡತದಲ್ಲಿ ಏಳು ತುಣುಕುಗಳಾಗಿ ಕುಳಿತಿದೆ. ನುಡಿಯ ಅಕ್ಷರಶೈಲಿ ಇಲ್ಲದ ನಿಮ್ಮ ಮಗನ ಕಂಪ್ಯೂಟರಿನಲ್ಲಿ ಅದು ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ಕಡತ ಕೆಟ್ಟಿಲ್ಲ, ವೈರಸ್ಸೂ ಅಲ್ಲ. ಅದರಲ್ಲಿರುವುದು ಮೊದಲಿನಿಂದಲೂ ಇದೇ. ನುಡಿಯ ಅಕ್ಷರಶೈಲಿ ಅದಕ್ಕೆ ಕನ್ನಡದ ರೂಪ ತೊಡಿಸುತ್ತಿತ್ತು ಅಷ್ಟೆ.

ಇದರ ಪರಿಣಾಮಗಳು ಒಂದೊಂದಾಗಿ ಹೊರಬೀಳುತ್ತವೆ. ಫೋನಿನಲ್ಲಿ ಓದಲು ಬರುವುದಿಲ್ಲ. ಹಾಡುಗಳ ಸಂಗ್ರಹದಲ್ಲಿ ಒಂದು ಪದವನ್ನು ಹುಡುಕಲು ಆಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ. ಕಣ್ಣು ಕಾಣದವರಿಗೆ ಪರದೆಯನ್ನು ಓದಿಹೇಳುವ ತಂತ್ರಾಂಶವೂ ಓದಲಾರದು. ಇದಕ್ಕೆ ಪರಿಹಾರ ಯುನಿಕೋಡ್, ಅಂದರೆ ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಸಂಖ್ಯೆಗಳ ಪಟ್ಟಿ. ಕನ್ನಡಕ್ಕೆ ಅದರಲ್ಲಿ ಸ್ವಂತದ ಸಂಖ್ಯೆಗಳು 1991ರ ಮೊದಲ ಆವೃತ್ತಿಯಿಂದಲೇ ಇವೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯುನಿಕೋಡ್ ಅಕ್ಷರಶೈಲಿ ಬಂದಿತ್ತು. ಆದರೆ ಪುಟವಿನ್ಯಾಸದ ಹಳೆಯ ತಂತ್ರಾಂಶಗಳಲ್ಲಿ ಯುನಿಕೋಡ್ ಸರಿಯಾಗಿ ಮೂಡುತ್ತಿರಲಿಲ್ಲವಾದ್ದರಿಂದ ಮುದ್ರಣಾಲಯಗಳು ನುಡಿಯಲ್ಲಿಯೇ ಕೊಡಿ ಎನ್ನುತ್ತಿದ್ದವು, ಬರೆಯುವವರೂ ಅದರಲ್ಲಿಯೇ ಉಳಿದರು.

ನುಡಿಯ ಈಚಿನ ಆವೃತ್ತಿಗಳಲ್ಲಿ, 'ಬರಹ' ಎಂಬ ಇನ್ನೊಂದು ಕನ್ನಡ ತಂತ್ರಾಂಶದಲ್ಲಿ, ಅಂತರ್ಜಾಲದ ಕೆಲವು ತಾಣಗಳಲ್ಲಿ ಪರಿವರ್ತಕಗಳಿವೆ. ಮೂಲ ಕಡತವನ್ನು ಮುಟ್ಟದೆ ಅದರ ನಕಲನ್ನು ಮಾತ್ರ ಪರಿವರ್ತಿಸಿ. ಇಪ್ಪತ್ತು ವರ್ಷಗಳ ಬರವಣಿಗೆಯನ್ನು ಒಂದೇ ಬಾರಿಗೆ ಹಾಕದೆ ಮೊದಲು ಎರಡು ಪುಟ ಹಾಕಿ ನೋಡಿ. ಪರೀಕ್ಷೆಗೆ ತಾಳಮದ್ದಲೆಯ ಕುರಿತ ನಿಮ್ಮ ಬರಹವೇ ಅತ್ಯುತ್ತಮ, ಏಕೆಂದರೆ ಕರ್ಣ, ಅರ್ಜುನ, ಧರ್ಮರಾಯ, ದುರ್ಯೋಧನ ಎಲ್ಲರ ಹೆಸರಿನಲ್ಲಿಯೂ ಅರ್ಕಾವತ್ತು ಇದೆ. ನುಡಿಯಲ್ಲಿ ಅರ್ಕಾವತ್ತಿನ ತುಣುಕು ವ್ಯಂಜನದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ಪರಿವರ್ತಕ ಅದನ್ನು ಎತ್ತಿ ಮುಂದಿಡಬೇಕು. ಸೋತರೆ ಅಲ್ಲಿಯೇ ಸೋಲುತ್ತದೆ. ಮಧ್ಯೆ ಇಂಗ್ಲಿಷ್ ಪದಗಳನ್ನು ಬಳಸಿದ್ದರೆ ಅವು ಅರ್ಥವಿಲ್ಲದ ಕನ್ನಡವಾಗಿ ಮಾರ್ಪಡುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕು. ಹಿರಿಯರ ಹಾಡುಗಳಲ್ಲಿ ಆಡುಮಾತಿನ ರೂಪಗಳಿರುತ್ತವೆ. ಕಾಗುಣಿತ ತಿದ್ದುವ ಯಾವ ಸೌಲಭ್ಯವನ್ನೂ ಅವುಗಳ ಮೇಲೆ ಓಡಿಸಬೇಡಿ, ಅವರು ಉಚ್ಚರಿಸಿದ್ದು ಹಾಗೆಯೇ ಇರಲಿ. ಪಿ.ಡಿ.ಎಫ್. ಮಾಡಿಟ್ಟರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಅಕ್ಷರಶೈಲಿ ಸೇರಿದ ಪಿ.ಡಿ.ಎಫ್. ಎಲ್ಲಿಯೂ ಚೆನ್ನಾಗಿ ಕಾಣುತ್ತದೆ, ಆದರೆ ಅದರಿಂದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಮತ್ತೆ ಅದೇ ಪೌಂಡಿನ ಗುರುತುಗಳು. ಹೋಲಿಸಿ ನೋಡಲು ಅದೊಂದು ಪ್ರತಿ ಇರಲಿ. ಪರಿವರ್ತನೆಗೆ ಅದು ಬದಲಿಯಲ್ಲ.

ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾದೀತೆಂಬ ಆತಂಕ ಬೇಡ. ನುಡಿಯಲ್ಲಿ ನೀವು ಬಳಸುತ್ತಿರುವ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ್ದು. ಅದು ಯುನಿಕೋಡಿಗೂ ಇದೆ, ಲಿನಕ್ಸಿನಲ್ಲಿಯೂ ಕೆ.ಜಿ.ಪಿ. ಎಂಬ ಹೆಸರಿನಲ್ಲಿ ಸಿಗುತ್ತದೆ. ನಾಳೆಯಿಂದ ಬರೆಯುವುದನ್ನೆಲ್ಲ ಯುನಿಕೋಡಿನಲ್ಲಿಯೇ ಬರೆಯತೊಡಗಿ, ಹಳೆಯದನ್ನು ವಾರಕ್ಕೆ ಇಷ್ಟು ಎಂದು ಪರಿವರ್ತಿಸುತ್ತ ಬನ್ನಿ. ವಿಂಡೋಸ್ ತೆಗೆಯುವ ಮೊದಲು ಈ ಕೆಲಸ ಮುಗಿಯುವುದು ಒಳ್ಳೆಯದು.

ಇನ್ನು ಇಡುವುದು ಎಲ್ಲಿ ಎಂಬ ಪ್ರಶ್ನೆ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. 2006ರಲ್ಲಿ ನಡೆದ ನನ್ನ ತಂಗಿಯ ಮದುವೆಯ ಫೋಟೋಗಳನ್ನು ಎರಡು ಸಿ.ಡಿ.ಗಳಿಗೆ ಹಾಕಿ, ಎರಡು ಪ್ರತಿ ಇದೆಯೆಂಬ ಸಮಾಧಾನದಿಂದ ಒಂದೇ ಕಪಾಟಿನಲ್ಲಿಟ್ಟಿದ್ದೆ. ಐದಾರು ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದರೆ, ಅಂಚಿನಿಂದ ನಡುವಿನವರೆಗೆ ಬಿಳಿಯ ಎಳೆಗಳು ಬೇರಿನಂತೆ ಹಬ್ಬಿದ್ದವು. ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಬೂಷ್ಟು ಹೋಯಿತು, ಅದರ ಗುರುತು ಪದರದಲ್ಲಿಯೇ ಉಳಿಯಿತು. ಧಾರೆಯವರೆಗಿನ ಫೋಟೋಗಳು ತೆರೆದುಕೊಂಡವು, ಆಮೇಲಿನವು ಎರಡೂ ಸಿ.ಡಿ.ಗಳಲ್ಲಿ ಇಲ್ಲ. ಒಂದೇ ಬಗೆಯ ಎರಡು ವಸ್ತುಗಳನ್ನು ಒಂದೇ ಜಾಗದಲ್ಲಿಟ್ಟರೆ ಎರಡಕ್ಕೂ ಒಂದೇ ಗತಿ ಬರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ ಎಂಬ ನಿಯಮವನ್ನು ಅಂದಿನಿಂದ ನಾನು ಬಿಟ್ಟಿಲ್ಲ.

ನಿಮ್ಮ ಮಗ ಹೇಳಿದ ಕ್ಲೌಡ್ ಇದರಲ್ಲಿ ಮನೆಯ ಹೊರಗಿನ ಪ್ರತಿಯಾಗಬಹುದು, ಆದರೆ ಅದೊಂದೇ ಇದ್ದರೆ ನಿಶ್ಚಿಂತೆಯಿಂದಿರಲು ಸಾಲದು. ಗೂಗಲ್ ಖಾತೆಯಲ್ಲಿ ಪುಕ್ಕಟೆ ಸಿಗುವ 15 ಜಿ.ಬಿ. ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. ಫೋಟೋಗಳಿಗೆ ಇದ್ದ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ನಿಮ್ಮ 180 ಜಿ.ಬಿ.ಗೆ ಹಣ ಕೊಟ್ಟೇ ಜಾಗ ಪಡೆಯಬೇಕು, ಮತ್ತು ಕೊಡುತ್ತಲೇ ಇರಬೇಕು. ಎರಡು ವರ್ಷ ಬಳಸದೇ ಬಿಟ್ಟ ಖಾತೆಯನ್ನು ಅಳಿಸುವ ಅಧಿಕಾರವನ್ನು ಗೂಗಲ್ ಇಟ್ಟುಕೊಂಡಿದೆ. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಅಪಾಯಕರ: ಫೋನಿನ ಫೋಟೋಸ್ ಆ್ಯಪಿನಲ್ಲಿ ಅಳಿಸಿದರೆ ಕ್ಲೌಡಿನಿಂದಲೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ 60 ದಿನ ಇದ್ದು ಆಮೇಲೆ ಇಲ್ಲವಾಗುತ್ತದೆ. ಫೋನಿನಲ್ಲಿ ಜಾಗ ಮಾಡಲು ಹೋಗಿ ಮೂರು ವರ್ಷದ ಫೋಟೋಗಳನ್ನು ಹೀಗೆ ಕಳೆದುಕೊಂಡ ಮನೆಯೊಂದು ಅಂಕೋಲೆಯಲ್ಲಿದೆ.

ಕಳಿಸುವ ಸಮಯದ ಲೆಕ್ಕವನ್ನೂ ಹಾಕಿಕೊಳ್ಳಿ. ಸಂಪರ್ಕದ ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ 180 ಜಿ.ಬಿ. ಹೋಗಲು ಎಡೆಬಿಡದೆ 40 ಗಂಟೆ ಬೇಕು. ಸಂಜೆಯ ಮಳೆಗೆ ಕರೆಂಟು ಹೋಗುವ ನಮ್ಮಲ್ಲಿ ಅದು ಎರಡು ಮೂರು ವಾರದ ಕೆಲಸ. ಆದ್ದರಿಂದ ಬರಹಗಳನ್ನೂ ಧ್ವನಿಯನ್ನೂ ಕ್ಲೌಡಿಗೆ ಕಳಿಸಿ. ಎಲ್ಲವೂ ಇರುವ ಎರಡು ಎಕ್ಸ್‌ಟರ್ನಲ್ ಡಿಸ್ಕುಗಳಲ್ಲಿ ಒಂದನ್ನು ಮಗ ಹಬ್ಬಕ್ಕೆ ಬಂದಾಗ ಅವನ ಕೈಯಲ್ಲಿ ಬೆಂಗಳೂರಿಗೆ ಕಳಿಸಿ, ಮುಂದಿನ ಸಲ ಬರುವಾಗ ತಂದು ಹೊಸದನ್ನು ಸೇರಿಸಿ ಮತ್ತೆ ಕಳಿಸಿ. ಫೋಟೋಗಳನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ ಮಗನಲ್ಲಿ ಇದೆ ಎಂದುಕೊಳ್ಳಬೇಡಿ. ಮಾಮೂಲಿಯಾಗಿ ಕಳಿಸಿದ ಫೋಟೋವನ್ನು ಅದು ಕುಗ್ಗಿಸಿಬಿಡುತ್ತದೆ. ಪೆನ್ ಡ್ರೈವ್ ಸಾಗಿಸಲು ಅನುಕೂಲ, ಹತ್ತು ವರ್ಷ ಇಡಲು ಅಲ್ಲ. ಅದರಲ್ಲಿಯೂ ಎಸ್.ಎಸ್.ಡಿ.ಯಲ್ಲಿಯೂ ಮಾಹಿತಿ ಉಳಿಯುವುದು ವಿದ್ಯುತ್ತಿನ ಕಣಗಳನ್ನು ಸೆರೆಹಿಡಿದಿಟ್ಟ ರೂಪದಲ್ಲಿ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಅವು ಸೋರಿಹೋಗುತ್ತವೆ.

ಸಿಡಿಲಿನ ವಿಷಯದಲ್ಲಿ ನಮ್ಮ ಘಟ್ಟದ ಮೇಲಿನವರು ಬೇರೆಯವರಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಅದು ಕರೆಂಟಿನ ತಂತಿಯಲ್ಲಿ, ಫೋನಿನ ತಾಮ್ರದ ತಂತಿಯಲ್ಲಿ ಹರಿದು ಮನೆಯೊಳಗೆ ಬರುತ್ತದೆ. ಫೈಬರ್ ಬಂದಮೇಲೆ ಆ ಭಯವಿಲ್ಲ ಎಂದು ಕೆಲವರು ಹೇಳುತ್ತಾರೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ಎಂಬುದು ನಿಜ, ಆದರೆ ಕೇಬಲ್ಲಿಗೆ ಆಧಾರವಾಗಿ ಕೆಲವೆಡೆ ಉಕ್ಕಿನ ತಂತಿ ಇರುತ್ತದೆ, ರೂಟರಿನ ಅಡಾಪ್ಟರ್ ಅಂತೂ ಗೋಡೆಯ ಪ್ಲಗ್ಗಿನಲ್ಲಿಯೇ ಇರುತ್ತದೆ. ಯು.ಪಿ.ಎಸ್. ಇದ್ದರೂ ಹತ್ತಿರದ ಸಿಡಿಲನ್ನು ತಡೆಯಲಾರದು. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕಿತ್ತು ಬದಿಗಿಡುವುದು ಒಂದೇ ನಂಬಿಕೆಯ ಉಪಾಯ. ಬ್ಯಾಕಪ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚಿಯೇ ಇಡಬೇಡಿ: ಸಿಡಿಲು ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ, ಬೀಗ ಹಾಕುವ ಕುತಂತ್ರಾಂಶ ಬಂದರೂ ಎರಡಕ್ಕೂ ಒಟ್ಟಿಗೇ ಬೀಗ ಬೀಳುತ್ತದೆ.

ತೇವಕ್ಕೆ ಉಪಾಯ ಸರಳ. ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಇಡಿ. ಅಕ್ಕಿ ಆ ಕೆಲಸ ಮಾಡುವುದಿಲ್ಲ, ಧೂಳನ್ನಷ್ಟೆ ಸೇರಿಸುತ್ತದೆ. ಬೆಚ್ಚಗಿರಲೆಂದು ಅಡುಗೆಮನೆಯ ಅಟ್ಟಕ್ಕೂ ಹಾಕಬೇಡಿ, ಹೊಗೆಯ ಜಿಡ್ಡು ಸಂಪರ್ಕಬಿಂದುಗಳ ಮೇಲೆ ಕೂರುತ್ತದೆ. ಲ್ಯಾಪ್‌ಟಾಪನ್ನು ಆಷಾಢ ಶ್ರಾವಣದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಚಾಲೂ ಮಾಡಿದರೆ ಅದರ ಶಾಖವೇ ಅದನ್ನು ಒಣಗಿಸುತ್ತದೆ. ಕಾರವಾರ, ಕುಮಟಾ ಕಡೆಯ ಓದುಗರಿಗೆ ಇದರ ಮೇಲೆ ಉಪ್ಪುಗಾಳಿಯ ತೊಂದರೆಯೂ ಇದೆ, ಅಲ್ಲಿ ತಾಮ್ರದ ಭಾಗಗಳು ಹಸಿರುಗಟ್ಟುತ್ತವೆ. ಅವರಿಗೆ ಡಬ್ಬಿ ಇನ್ನೂ ಅಗತ್ಯ.

ಅಡಿಕೆ ಸೀಮೆಯವರಾದ ನಿಮಗೆ ಇದರ ಸಮಯವನ್ನು ನಾನು ಹೇಳಿಕೊಡಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸಲು ಮರ ಹತ್ತುವ ಕೊನೆಗೌಡರನ್ನು ಕರೆಯುವುದು ಮಳೆ ಹಿಡಿಯುವ ಮುಂಚೆ, ಕಾಯಿ ಉದುರತೊಡಗಿದ ಮೇಲಲ್ಲ. ಬ್ಯಾಕಪ್ಪಿಗೂ ಅದನ್ನೇ ಲೆಕ್ಕವಾಗಿಟ್ಟುಕೊಳ್ಳಿ: ಮದ್ದು ಹೊಡೆಸುವ ವಾರದಲ್ಲಿ ಒಂದು ಸಲ, ಎರಡನೆಯ ಮದ್ದಿನ ಹೊತ್ತಿಗೆ ಇನ್ನೊಂದು ಸಲ, ಅಡಿಕೆ ಕೊಯ್ಲು ಮುಗಿದ ಮೇಲೆ ಮತ್ತೊಂದು ಸಲ. ಪ್ರತಿ ಸಲವೂ ಡಿಸ್ಕಿನಿಂದ ನಾಲ್ಕಾರು ಕಡತಗಳನ್ನು ತೆರೆದು ಓದಿ, ಕೇಳಿ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕ ಹಿಡಿಯುವುದಿಲ್ಲ.

ಕೊನೆಯದಾಗಿ ಕ್ಯಾಸೆಟ್ಟುಗಳ ಮಾತು, ನೀವು ಕೇಳದೇ ಇದ್ದರೂ. ಇಳಿಸಿಕೊಂಡಾಯಿತೆಂದು ಅವುಗಳನ್ನು ಎಸೆಯಬೇಡಿ. ಧ್ವನಿಯನ್ನು ಕುಗ್ಗಿಸಿಡುವ ಎಂಪಿ3 ರೂಪದಲ್ಲಿ ಇಳಿಸಿದ್ದರೆ 90 ನಿಮಿಷದ ಕ್ಯಾಸೆಟ್ಟು 90 ಎಂ.ಬಿ.ಯ ಆಸುಪಾಸಿಗೆ ಬಂದಿರುತ್ತದೆ. ಅದನ್ನೇ ಏನೂ ಬಿಡದೆ ವೇವ್ ರೂಪದಲ್ಲಿ ಇಳಿಸಿದರೆ 900 ಎಂ.ಬಿ.ಗಿಂತ ಹೆಚ್ಚು, ವ್ಯತ್ಯಾಸದಲ್ಲಿ ಹೋಗುವುದು ಚೆಂಡೆಯ ಏರು ದನಿಯ ಕಂಪನ, ಹಿಂದೆ ಕುಳಿತವರ ಉದ್ಗಾರದಂಥ ಸೂಕ್ಷ್ಮಗಳು. ಡಿಸ್ಕಿನಲ್ಲಿ ಜಾಗ ಅಗ್ಗವಾಗಿರುವ ಈ ಕಾಲದಲ್ಲಿ ಮುಖ್ಯವಾದ ನಾಲ್ಕಾರನ್ನಾದರೂ ಇನ್ನೊಮ್ಮೆ ಪೂರ್ಣವಾಗಿ ಇಳಿಸಿ. ಬೂಷ್ಟು ಹಿಡಿದದ್ದನ್ನು ಒಳ್ಳೆಯ ಪ್ಲೇಯರಿಗೆ ಹಾಕಬೇಡಿ, ಅದರಿಂದ ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಇಳಿಸುವಾಗಲೇ ಕಡತದ ಹೆಸರನ್ನು ಬದಲಿಸಿ. 'ಟ್ರ್ಯಾಕ್ 07' ಎಂಬ ಹೆಸರಿನಿಂದ ನಿಮ್ಮ ಮೊಮ್ಮಕ್ಕಳಿಗೆ ಏನೂ ತಿಳಿಯದು. ಯಾವ ಪ್ರಸಂಗ, ಯಾವ ಊರು, ಯಾವ ವರ್ಷ, ಭಾಗವತರು ಯಾರು, ತಂದೆಯವರದು ಯಾವ ಪಾತ್ರ, ಎದುರಿನ ಪಾತ್ರ ಯಾರದು ಎಂಬುದನ್ನು ಪ್ರತಿಯೊಂದಕ್ಕೂ ಒಂದು ಸಣ್ಣ ಟಿಪ್ಪಣಿಯಾಗಿ ಯುನಿಕೋಡಿನಲ್ಲಿ ಬರೆದು ಅದೇ ಫೋಲ್ಡರಿನಲ್ಲಿಡಿ. ಧ್ವನಿಗಳನ್ನು ಕೇಳಿದೊಡನೆ ಗುರುತು ಹಿಡಿಯಬಲ್ಲವರು ಮನೆಯಲ್ಲಿ ಈಗ ನೀವೊಬ್ಬರೇ ಇರಬಹುದು. ಮಳೆಗಾಲದ ಮಧ್ಯಾಹ್ನಗಳು ಈ ಕೆಲಸಕ್ಕೆ ಸಾಕಷ್ಟು ಸಿಗುತ್ತವೆ.